ಬಚ್ಚಿಟ್ಟ ವಯಸ್ಸು

ಬಾಲ್ಯವಿವಾಹವನ್ನು ನಿಷೇಧಿಸುವ ಶಾಸನಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. 1929ರ ಶಾರದಾ ಕಾಯಿದೆಯಿಂದ ಮೊದಲುಗೊಂಡು, ಅಂಥ ವಿವಾಹವು ಮೂಲತಃ ಅಸಿಂಧುವೆಂದು ಸಾರಿದ 2017ರ ಕರ್ನಾಟಕದ ತಿದ್ದುಪಡಿಯವರೆಗೆ, ಅವು ಕಠಿಣವಾಗುತ್ತಲೇ ಬಂದಿವೆ. ಹಾಗಿದ್ದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ರಾಜ್ಯದಲ್ಲಿ 20ರಿಂದ 24 ವರ್ಷದ ಸ್ತ್ರೀಯರ ಪೈಕಿ ನೂರಕ್ಕೆ ಸುಮಾರು 21 ಮಂದಿ ಹದಿನೆಂಟು ತುಂಬುವ ಮೊದಲೇ ಹಸೆಮಣೆ ಏರಿದವರು. ಮದುವೆಯನ್ನು ತಡೆಯುವುದು ನಮ್ಮ ಕರ್ತವ್ಯವೆಂಬುದು ನಿಸ್ಸಂದೇಹ. ಆದರೆ ತಡೆಯಲಾಗದೆ ಹೋದ ಮದುವೆಯಿಂದ ತಾಯಿಯಾದ ಹುಡುಗಿಗೆ ನಾವು ಸಲ್ಲಿಸಬೇಕಾದುದೇನೆಂದು ಕೇಳಿಕೊಂಡದ್ದು ವಿರಳ.

ಗರ್ಭಿಣಿಯ ಆರೋಗ್ಯ ದಾಖಲಿಸುವ ತಾಯಿ ಕಾರ್ಡು ಬರೆಯುವಾಗ ಆಶಾ ಕಾರ್ಯಕರ್ತೆ ವಯಸ್ಸು ಕೇಳಿದರೆ ಹುಡುಗಿ ತಲೆ ತಗ್ಗಿಸುತ್ತಾಳೆ, ಉತ್ತರ ಬರುವುದು ಅತ್ತೆಯಿಂದ: “ಇಪ್ಪತ್ತು ನಡದೈತ್ರೀ ಅಕ್ಕಾರ, ಹಂಗ ಬರ್ಕೋರಿ.” ಮಗನ ಮೇಲೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ತಡೆಯುವ ಪೋಕ್ಸೊ ಕಾಯಿದೆಯ ಮೊಕದ್ದಮೆ ಬಿದ್ದೀತೆಂಬ ಭೀತಿಯಿಂದ ಹುಟ್ಟಿದ ಈ ಸುಳ್ಳು, ಅಪರಾಧವನ್ನು ಮರೆಮಾಚುವುದರೊಡನೆ, ಆ ಎಳೆಯ ದೇಹಕ್ಕೆ ಅವಶ್ಯವಾದ ಎಚ್ಚರಿಕೆಯನ್ನೂ ತಪ್ಪಿಸಿಬಿಡುತ್ತದೆ. ಹದಿನಾರರ ಹುಡುಗಿ ತಾನೇ ಇನ್ನೂ ಬೆಳೆಯುತ್ತಿರುವವಳು. ಸೊಂಟದ ಎಲುಬು ಬಲಿತಿರುವುದಿಲ್ಲ, ಬಹುಮಂದಿಗೆ ರಕ್ತಹೀನತೆ ಮೊದಲೇ ಉಂಟು, ಉಂಡ ಅನ್ನವು ಅವಳ ಬೆಳವಣಿಗೆಗೂ ಗರ್ಭದ ಬೆಳವಣಿಗೆಗೂ ಹಂಚಿಹೋಗಬೇಕು. ರಕ್ತದೊತ್ತಡವೇರಿ ಬರುವ ಫಿಟ್ಸ್, ಬಾಣಂತಿಯ ನಂಜು, ದಿನ ತುಂಬದ ಹೆರಿಗೆ, ಎರಡೂವರೆ ಕಿಲೋ ತೂಗದ ಕೂಸು, ಇವೆಲ್ಲದರ ಅಪಾಯ ಈ ವಯಸ್ಸಿನಲ್ಲಿ ಅಧಿಕವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಬಂದಿದೆ. ಇಪ್ಪತ್ತೆಂಬುದನ್ನು ನಂಬಿದ ವೈದ್ಯರು ಇದನ್ನೆಲ್ಲ ಹೇಗೆ ಮುಂಗಾಣಬೇಕು?

ಕಾನೂನು ಸಡಿಲವಾಗಲೆಂದು ನಾನು ಹೇಳುತ್ತಿಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯು ಮದುವೆ ನಡೆಸಿದವರನ್ನೂ ದಂಡಿಸಬಲ್ಲುದು. ಪೊಲೀಸರ ದೃಷ್ಟಿ ಮೊದಲು ಹರಿಯಬೇಕಾದದ್ದು ಆ ಹಿರಿಯರ ಕಡೆಗೆ. ನಿಜವಾದ ವಯಸ್ಸನ್ನು ಹೇಳಿದ ಮಾತ್ರಕ್ಕೆ ಚಿಕಿತ್ಸೆಗಾಗಲಿ ಅಂಗನವಾಡಿಯ ಬಿಸಿಯೂಟಕ್ಕಾಗಲಿ ಕುಂದು ಬಾರದೆಂಬ ಭರವಸೆ ಹುಡುಗಿಗೆ ದೊರೆಯದ ಹೊರತು, ಕಾರ್ಡಿನಲ್ಲಿ ಸತ್ಯವು ದಾಖಲಾಗುವುದಿಲ್ಲ.

ಹೆರಿಗೆಯೊಂದಿಗೆ ಕಷ್ಟ ಮುಗಿಯುವುದೂ ಇಲ್ಲ. ಉಚಿತ ಶಿಕ್ಷಣದ ಹಕ್ಕು ಹದಿನಾಲ್ಕಕ್ಕೆ ನಿಲ್ಲುತ್ತದೆ, ವಿವಾಹದ ವಯಸ್ಸು ಹದಿನೆಂಟಕ್ಕೆ ಆರಂಭವಾಗುತ್ತದೆ. ನಡುವಣ ನಾಲ್ಕು ವರ್ಷಗಳಲ್ಲಿ ಶಾಲೆ ಬಿಟ್ಟವಳು ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಮರಳಿ ತರಗತಿಗೆ ಬರುವುದುಂಟೇ? ಅಂಗನವಾಡಿಯ ಪಾಠ ಮೂರು ತುಂಬಿದ ಮಕ್ಕಳಿಗೆ. ಅದಕ್ಕಿಂತ ಎಳೆಯ ಕೂಸುಗಳಿಗಾಗಿ, ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರನ್ನು ಉದ್ದೇಶಿಸಿ, ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳು ತೆರೆದಿವೆ. ಎಸ್ಸೆಸ್ಸೆಲ್ಸಿಗೆ ಓದಬಯಸುವ ತಾಯಿಯ ಕೂಸಿಗೂ ಅಲ್ಲಿ ತೊಟ್ಟಿಲು ಕಟ್ಟಬೇಕು. ಅದಕ್ಕೆ ಹೊಸ ಶಾಸನ ಬೇಡ. ಸರ್ಕಾರದ ಒಂದು ಆದೇಶ ಸಾಕು, ಅದು ಮುಂದಿನ ಶಾಲಾ ವರ್ಷ ಆರಂಭವಾಗುವ ಮೊದಲು ಹೊರಡಬೇಕು.