ಅಂಗನವಾಡಿ–ಎಲ್‌ಕೆಜಿ ಸಮನ್ವಯ ಕೋರಿ ಮನವಿ ಪತ್ರ

ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪಂಚಾಯಿತಿ, ಇವರ ಸನ್ನಿಧಿಗೆ

ವಿಷಯ: ಕಡಿಮೆ ಹಾಜರಾತಿಗೆ ಕೊಟ್ಟ ಕಾರಣ ಕೇಳಿ ನೋಟಿಸ್‌ಗಳನ್ನು ಹಿಂಪಡೆಯುವ ಕುರಿತು.

ಉಲ್ಲೇಖ: ನಮ್ಮ ಹಿಂದಿನ ಮನವಿಗಳು (ಸ್ವೀಕೃತಿ ಮುದ್ರೆಯ ಪ್ರತಿಗಳು ಲಗತ್ತು. ಉತ್ತರ ಬಂದಿದ್ದರೆ ಅದನ್ನೂ ಲಗತ್ತಿಸುತ್ತಿದ್ದೆವು).

ಮಾನ್ಯರೇ,

ಶಾಲಾ ಆವರಣದಲ್ಲಿರುವ ನಮ್ಮ ಅಂಗನವಾಡಿ ಕೇಂದ್ರಗಳ, ನಾಲ್ಕು ವರ್ಷ ತುಂಬಿದ ಮಕ್ಕಳನ್ನು ಜೂನ್‌ನಲ್ಲಿ ಪಕ್ಕದ ಕೊಠಡಿಯ ಎಲ್‌ಕೆಜಿಗೆ ಸೇರಿಸಿಕೊಳ್ಳಲಾಯಿತು. ನಮಗೆ ಒಂದು ಚೀಟಿಯೂ ಬರಲಿಲ್ಲ. ಪೋಷಣ್ ಟ್ರ್ಯಾಕರ್‌ನಿಂದ ಹೆಸರು ತೆಗೆಯಬೇಡಿ ಎಂದು ಬಾಯಿಮಾತಿನ ಸೂಚನೆ ಮಾತ್ರ ಬಂತು. ಈಗ ಅದೇ ಹೆಸರುಗಳ ಗೈರುಹಾಜರಿಗೆ ನಮಗೇ ನೋಟಿಸ್! ಒಂದು ಇಲಾಖೆ ಮಗುವನ್ನು ಕರೆದೊಯ್ಯುವುದು, ಮಗು ಎಲ್ಲಿ ಎಂದು ಇನ್ನೊಂದು ಇಲಾಖೆ ನಮ್ಮನ್ನು ಗದರುವುದು ಯಾವ ನಿಯಮವೋ ತಾವೇ ತಿಳಿಸಬೇಕು. ನೋಟಿಸ್‌ಗಳು, ನಮ್ಮ ಹಾಜರಿ ಪುಸ್ತಕ, ಅದೇ ದಿನಗಳ ಎಲ್‌ಕೆಜಿ ಹಾಜರಿ, ಟ್ರ್ಯಾಕರ್ ಪರದೆಯ ಚಿತ್ರ, ತಾಯಂದಿರ ಸಹಿಯ ಹೇಳಿಕೆ, ಬಾಲವಿಕಾಸ ಸಮಿತಿಯ ನಡಾವಳಿ ಎಲ್ಲವನ್ನೂ ಕೇಂದ್ರವಾರು ಲಗತ್ತಿಸಿದ್ದೇವೆ. ಎರಡೂ ಹಾಜರಿ ಪುಟಗಳನ್ನು ದಯವಿಟ್ಟು ಅಕ್ಕಪಕ್ಕ ಇಟ್ಟು ನೋಡಿ.

ಶಾಲಾಪೂರ್ವ ಶಿಕ್ಷಣದ ಬಗ್ಗೆ ಹೇಳುವ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಸೆಕ್ಷನ್ ಆಗಲಿ, ಅಂಗನವಾಡಿಯವರ ಗ್ರಾಚ್ಯುಟಿ ಕುರಿತ 2022ರ ಏಪ್ರಿಲ್ 25ರ ಸುಪ್ರೀಂ ಕೋರ್ಟ್ ತೀರ್ಪಾಗಲಿ ತಮಗೆ ಹೊಸತಲ್ಲ. 1975ರಲ್ಲಿ ಐಸಿಡಿಎಸ್ ಶುರುವಾದಾಗ ಮೊದಲ 33 ಯೋಜನೆಗಳಲ್ಲಿ ನಮ್ಮ ರಾಜ್ಯದ ಟಿ. ನರಸೀಪುರವೂ ಇತ್ತು. ಅಂದಿನಿಂದ ಹಾಡು, ಕಥೆ, ಅಕ್ಷರ ಕಲಿಸಿದವರು ಈಗ ಬರೀ ಅನ್ನ ಬಡಿಸುವವರಾದೆವೇ? 2025ರಲ್ಲಿ ಒಂದನೇ ತರಗತಿಯ ವಯೋಮಿತಿ ಸಡಿಲಿಸಿದಾಗ ಯುಕೆಜಿ ಮುಗಿಸಿರಬೇಕೆಂಬ ಷರತ್ತು ಬಂತು. ‘ಟೀಚರ್, ನಿಮ್ಮಲ್ಲಿ ಯುಕೆಜಿ ಸರ್ಟಿಫಿಕೇಟ್ ಸಿಗುತ್ತಾ?’ ಎಂದು ಕೇಳುವ ಪೋಷಕರಿಗೆ ನಾವೇನು ಹೇಳಬೇಕು?

ಆದ್ದರಿಂದ ನೋಟಿಸ್‌ಗಳನ್ನು ಲಿಖಿತವಾಗಿ ಹಿಂಪಡೆಯಬೇಕು. ಅಂಗನವಾಡಿ ಇರುವ ಆವರಣದಲ್ಲಿ ಎಲ್‌ಕೆಜಿ ನಡೆಯುವುದಾದರೆ ಅದು ಅಂಗನವಾಡಿಯಲ್ಲೇ ನಡೆಯಬೇಕು, ಮಗುವಿನ ಹೆಸರು ಒಂದೇ ಪುಸ್ತಕದಲ್ಲಿರಬೇಕು, ನಾವು ಕೊಡುವ ಪ್ರಮಾಣಪತ್ರವನ್ನು ಮುಖ್ಯ ಶಿಕ್ಷಕರು ಒಪ್ಪಬೇಕು. ಎಲ್‌ಕೆಜಿಗೆ ಅತಿಥಿ ಶಿಕ್ಷಕಿಯರನ್ನು ತೆಗೆದುಕೊಳ್ಳಲೇಬೇಕಾದರೆ ಪಿಯುಸಿ ಜೊತೆ ಎನ್‌ಟಿಟಿ ಮಾಡಿರುವ ನಮ್ಮ ಸದಸ್ಯೆಯರಿಗೆ ಮೊದಲ ಆದ್ಯತೆ ಸಿಗಬೇಕು. ನಮ್ಮ ಸಮಿತಿಯ ಕಾರ್ಯದರ್ಶಿಯವರಂಥ ಅನುಭವಸ್ಥರಿಗೆ ವಯೋಮಿತಿ ಅಡ್ಡಬರಬಾರದು.

ಮೊಟ್ಟೆಯ ಹಣ ತಡವಾಗುವುದು, ಸಿಲಿಂಡರ್, ಸೋರುವ ಚಾವಣಿ, ಹಳೆಯ ಮೊಬೈಲ್, ಮೀಟಿಂಗಿನ ಬಸ್ ಚಾರ್ಜು, ಇವೂ ತಮ್ಮ ಗಂಭೀರ ಗಮನಕ್ಕೆ ಅರ್ಹ. ಬಸ್ ನಿಲ್ದಾಣದ ಬಳಿ ಖಾಲಿ ಬಿದ್ದಿರುವ ಕೇಂದ್ರಕ್ಕೆ, ಮಂಡಿನೋವಿರುವ ನಮ್ಮ ಸಮಿತಿಯ ಖಜಾಂಚಿಯವರನ್ನು ವರ್ಗಾವಣೆಗೆ ಪರಿಗಣಿಸಲು ಇದೇ ಸಂದರ್ಭದಲ್ಲಿ ಕೋರುತ್ತೇವೆ.

ಎರಡೂ ಇಲಾಖೆಯವರನ್ನು ಒಂದೇ ಮೇಜಿನ ಮುಂದೆ ಕೂರಿಸಿ, ಮುಂದಿನ ದಾಖಲಾತಿಗೆ ಮೊದಲೇ ಜಂಟಿ ಸಭೆ ಕರೆಯಬೇಕು. ಅಲ್ಲಿಯವರೆಗೆ ಬರುವ ಪ್ರತಿ ನೋಟಿಸ್‌ಗೂ ಇದೇ ಮನವಿಯ ಪ್ರತಿಯನ್ನು ಉತ್ತರವಾಗಿ ಸಲ್ಲಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರು
(ಸಹಿಗಳ ಹಾಳೆ ಲಗತ್ತು)