ಊರೊಳಗಿನ ನಡಿಗೆಗೂ ಅಂಕವಿರಲಿ

ಮೂರು ವರ್ಷದ ಹಿಂದಿನ ಮಾತು. ಮಸ್ಕಿಯ ಪ್ರೌಢಶಾಲೆಯೊಂದಕ್ಕೆ ಅಭ್ಯಾಸ ಬೋಧನೆಗೆ ಹೋಗಿದ್ದ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಎಂಟನೇ ತರಗತಿಯ ಮೌರ್ಯರ ಘಟಕಕ್ಕೆ ಪಾಠಯೋಜನೆ ಬರೆದು ನನ್ನ ಸಹಿಗೆ ತಂದರು. ಬೋಧನೋಪಕರಣದ ಕಾಲಮಿನಲ್ಲಿ ಚಾರ್ಟು, ನಕಾಶೆ ಏನೂ ಇರಲಿಲ್ಲ. 'ಅಶೋಕನ ಶಾಸನ, ಸ್ಥಳದಲ್ಲಿಯೇ' ಎಂದು ಬರೆದಿದ್ದರು.

"ಸರ್, ಶಾಸನ ಇಲ್ಲೇ ಐತ್ರಿ. ಎರಡು ಪಿರಿಯಡ್ ಕೊಟ್ರ ನಡಕೊಂಡು ಹೋಗಿ ತೋರಿಸಿಕೊಂಡು ಬರ್ತೀನ್ರಿ" ಎಂದರು.

ನಾನು ಕೆಂಪು ಪೆನ್ನಿನಿಂದ ಆ ಸಾಲನ್ನು ಹೊಡೆದು ಹಾಕಿದೆ. ಅಭ್ಯಾಸ ಪಾಠ ಎಂದರೆ ತರಗತಿಯೊಳಗಿನ ಪಾಠ. ಹೊರಗೆ ಕರೆದುಕೊಂಡು ಹೋದರೆ ಅವಲೋಕನ ಹಾಳೆಯನ್ನು ನಾನು ಹೇಗೆ ತುಂಬಲಿ ಎಂದೆ. ಅವರು ಮರುಮಾತಾಡಲಿಲ್ಲ. ಮರುದಿನ ಸಾರನಾಥದ ಸಿಂಹಗಳ ಚಾರ್ಟು ತಂದು ಚೆನ್ನಾಗಿಯೇ ಪಾಠ ಮಾಡಿದರು. ಪೀಠಿಕೆ, ವಿವರಣೆ, ಕಪ್ಪುಹಲಗೆಯ ಬರವಣಿಗೆ ಎಲ್ಲವೂ ಸರಿ. ಇಪ್ಪತ್ತೈದಕ್ಕೆ ಇಪ್ಪತ್ತೊಂದು ಕೊಟ್ಟೆ.

ಮೌಲ್ಯಮಾಪನದ ಹಂತದಲ್ಲಿ "ಅಶೋಕನ ಹೆಸರಿರುವ ಶಾಸನ ಎಲ್ಲಿ ದೊರೆತಿದೆ?" ಎಂದು ಕೇಳಿದಾಗ ಇಡೀ ತರಗತಿ "ಮಸ್ಕೀ..." ಎಂದು ಕೂಗಿತು. ಪಾಠ ಮುಗಿದ ಮೇಲೆ ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ ಏಕೋ ಒಂದು ಪ್ರಶ್ನೆ ಕೇಳಬೇಕೆನಿಸಿತು. ಅದನ್ನು ನೋಡಿದವರು ಎಷ್ಟು ಜನ? ಐದೋ ಆರೋ ಕೈ ಎದ್ದವು. ವಿಚಾರಿಸಿದರೆ ಅವರಲ್ಲೂ ಹೆಚ್ಚಿನವರು ಮಲ್ಲಿಕಾರ್ಜುನನ ಜಾತ್ರೆಗೆ ಬೆಟ್ಟ ಹತ್ತಿದವರೇ ಹೊರತು ಶಾಸನದ ಬಂಡೆಯ ಬಳಿ ಹೋದವರಲ್ಲ. ಬಸ್ಸಿನಲ್ಲಿ ಮರಳುವಾಗ ಪ್ರಶಿಕ್ಷಣಾರ್ಥಿ ಮೆಲ್ಲಗೆ ಹೇಳಿದ ಮಾತು ಇನ್ನೂ ಚುಚ್ಚುತ್ತದೆ: "ಖರೆ ಹೇಳ್ಬೇಕಂದ್ರ ಸರ್, ನಾನೂ ನೋಡಿಲ್ರಿ. ಈ ನೆವದಾಗರ ನೋಡಬೇಕಂತಿದ್ದೆ." ಅವರ ಊರು ಮಸ್ಕಿಯಿಂದ ಬಹಳ ದೂರವಿಲ್ಲ.

ಆ ಇಪ್ಪತ್ತೊಂದು ಅಂಕ ಯಾವುದಕ್ಕೆ ಕೊಟ್ಟದ್ದು ಎಂಬ ಪ್ರಶ್ನೆಯಿಂದಲೇ ಈ ಬರಹ ಹುಟ್ಟಿದೆ.

ಮರುವರ್ಷ ಬೇರೆ ತಂಡ, ಬೇರೆ ಪ್ರಶಿಕ್ಷಣಾರ್ಥಿ. ಈ ಸಲ ನಾನೇ ಸೂಚಿಸಿದೆ. ಮುಖ್ಯೋಪಾಧ್ಯಾಯರ ಒಪ್ಪಿಗೆ, ಪಾಲಕರಿಗೆ ಚೀಟಿ, ಬೆಳಗಿನ ಮೊದಲ ಎರಡು ಅವಧಿ. ಮೂವತ್ತೆಂಟು ಮಕ್ಕಳು, ಇಬ್ಬರು ಪ್ರಶಿಕ್ಷಣಾರ್ಥಿಗಳು, ಶಾಲೆಯ ಒಬ್ಬ ಶಿಕ್ಷಕಿ, ಸಾಲಿನ ಕೊನೆಯಲ್ಲಿ ನಾನು. ಲಿಂಗಸುಗೂರು–ಸಿಂಧನೂರು ಹೆದ್ದಾರಿ ದಾಟಿಸುವುದೇ ಒಂದು ಸಾಹಸವಾಯಿತು. ಭತ್ತದ ಲಾರಿಗಳು ನಿಲ್ಲುವುದಿಲ್ಲ.

ಮೊದಲ ನಿಲುಗಡೆಯಲ್ಲಿಯೇ ತಪ್ಪಾಯಿತು. ಪ್ರಶಿಕ್ಷಣಾರ್ಥಿ ಹನ್ನೆರಡು ನಿಮಿಷ ಬಿಸಿಲಿನಲ್ಲಿ ನಿಂತು ಮೌರ್ಯ ವಂಶದ ಪೂರ್ತಿ ಚರಿತ್ರೆ ಹೇಳಿದರು. ತರಗತಿಯ ಭಾಷಣವನ್ನೇ ರಸ್ತೆಗೆ ಹೊತ್ತು ತಂದಂತಾಯಿತು. ಕಾಲು ಬದಲಿಸುತ್ತಿದ್ದ ಮಕ್ಕಳನ್ನು ನೋಡಿ, ಕುರಿ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ ಮುದುಕರು ನಿಂತು, "ಯವ್ವಾ, ಹುಡುಗ್ರನ್ನ ಮೊದಲು ನೆಳ್ಳಿಗೆ ಕುಂದ್ರಸಬೇ, ಆಮ್ಯಾಲ ಹೇಳ್ವಂತಿ" ಎಂದರು. ನಾನು ಪುಟಗಟ್ಟಲೆ ಬರೆಯುತ್ತಿದ್ದ ಸಲಹೆಗಳಿಗಿಂತ ಈ ಒಂದು ಮಾತು ಹೆಚ್ಚು ಕೆಲಸ ಮಾಡಿತು. ಮುಂದಿನ ನಿಲುಗಡೆಗಳಲ್ಲಿ ಅವರು ಮೂರು ನಿಮಿಷ ಮೀರಲಿಲ್ಲ.

ದಾರಿಯಲ್ಲಿ ಹುಡುಗನೊಬ್ಬ ಒಂದು ಬೋಕಿ ಎತ್ತಿಕೊಂಡ. ಮಸ್ಕಿಯ ನೆಲದಲ್ಲಿ ಬೋಕಿ ಸಿಗುವುದು ದೊಡ್ಡ ಮಾತಲ್ಲ. 1954ರಲ್ಲಿ ಬಿ.ಕೆ. ಥಾಪರ್ ಅವರು ಇಲ್ಲಿ ಉತ್ಖನನ ನಡೆಸಿದಾಗ ನವಶಿಲಾ–ತಾಮ್ರಶಿಲಾಯುಗದಿಂದ ಹಿಡಿದು ಬೃಹತ್ ಶಿಲಾಯುಗ ಮತ್ತು ಇತಿಹಾಸ ಕಾಲದವರೆಗೂ ಜನ ಬಾಳಿದ ಪದರಗಳು ಸಿಕ್ಕಿವೆ. ಅಶೋಕ ಇಲ್ಲಿಯ ಮಟ್ಟಿಗೆ ತಡವಾಗಿ ಬಂದವನು. ಹುಡುಗನ ಕೈಯಲ್ಲಿದ್ದುದು ಹಳೆಯದೋ, ನಿನ್ನೆ ಒಡೆದ ಗಡಿಗೆಯದೋ ನಮಗೆ ಗೊತ್ತಾಗಲಿಲ್ಲ. "ಎಲ್ಲಿ ಸಿಕ್ಕಿತೋ ಅಲ್ಲೇ ಇಡು, ಅದು ಇದ್ದ ಜಾಗವೂ ಒಂದು ಮಾಹಿತಿ" ಎಂದು ಪ್ರಶಿಕ್ಷಣಾರ್ಥಿ ಹೇಳಿದರು. ಸಮಾಜ ವಿಜ್ಞಾನ ಬೋಧನಾ ಪದ್ಧತಿಯ ತರಗತಿಯಲ್ಲಿ 'ಆಕರಗಳು' ಎಂಬ ಭಾಗವನ್ನು ನಾನು ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಎಂದೂ ಹೇಳಿಲ್ಲ.

ಬಂಡೆಯ ಮುಂದೆ ಮಕ್ಕಳಿಗೆ ಮೊದಲು ನಿರಾಸೆಯಾಯಿತು. ಏನೋ ದೊಡ್ಡದಿರುತ್ತದೆ ಎಂದುಕೊಂಡಿದ್ದರು. ಇದ್ದದ್ದು ಬಿರುಕು ಬಿಟ್ಟ ಕಲ್ಲಿನ ಮೇಲೆ ಎಂಟು ಸಾಲು. ಪ್ರಶಿಕ್ಷಣಾರ್ಥಿ ಚೀಲದಿಂದ ಒಂದು ಹಾಳೆ ತೆಗೆದರು. ಅದರಲ್ಲಿ ಬ್ರಾಹ್ಮಿಯ ನಾಲ್ಕೇ ಅಕ್ಷರ: ಅ, ಸೋ, ಕ, ಸ. 'ಅಶೋಕನ' ಎಂದು ಅರ್ಥ ಕೊಡುವ ಪ್ರಾಕೃತ ರೂಪ. ಮೊದಲ ಸಾಲಿನಲ್ಲಿ ಹುಡುಕಿ ಎಂದರು. "ಟೀಚರ್, ಇಲ್ಲಿ ಪ್ಲಸ್ ಚಿಹ್ನೆ ಐತ್ರಿ!" ಎಂದು ಒಬ್ಬ ಹುಡುಗಿ ಕೂಗಿದಳು. ಬ್ರಾಹ್ಮಿಯ 'ಕ' ನಮ್ಮ ಕೂಡಿಸುವ ಚಿಹ್ನೆಯ ಹಾಗೆಯೇ ಇರುತ್ತದೆ. ಅಲ್ಲಿಂದ ಹತ್ತು ನಿಮಿಷ ಯಾರನ್ನೂ ಸುಮ್ಮನಿರಿಸಲಾಗಲಿಲ್ಲ, ಸುಮ್ಮನಿರಿಸಬೇಕಾಗಿಯೂ ಇರಲಿಲ್ಲ.

ಆ ಹೆಸರು ಯಾಕೆ ಮುಖ್ಯ ಎಂಬುದನ್ನು ಅವರು ಅಲ್ಲಿಯೇ ಹೇಳಿದ್ದು ಸರಿಯಾಯಿತು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಓದಿದರೂ ಶಾಸನಗಳಲ್ಲಿ ಸಿಗುತ್ತಿದ್ದದ್ದು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳು ಮಾತ್ರ. ಅವನೇ ಅಶೋಕನೆಂದು ಸಿಂಹಳದ ಗ್ರಂಥಗಳ ಆಧಾರದಿಂದ ಹೇಳುತ್ತಿದ್ದರು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್, ಚಿನ್ನದ ನಿಕ್ಷೇಪದ ಹುಡುಕಾಟದಲ್ಲಿದ್ದವರು, ಈ ಬಂಡೆಯ ಅಕ್ಷರಗಳನ್ನು ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದಾಗ ಬಿರುದಿನ ಪಕ್ಕದಲ್ಲಿಯೇ ಹೆಸರು ಕಾಣಿಸಿತು. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನೆರೆಯ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳಂಗಳಲ್ಲಿ ಕೂಡ ಹೆಸರು ಸಿಕ್ಕಿದೆ. ಆದರೆ ಮೊದಲು ಸಿಕ್ಕದ್ದು ಇಲ್ಲಿ. ಚಿನ್ನ ಹುಡುಕಲು ಬಂದವನಿಗೆ ಅಕ್ಷರ ಸಿಕ್ಕಿತು ಎಂಬುದು ಮಕ್ಕಳಿಗೆ ಬಹಳ ಹಿಡಿಸಿತು. ಹಟ್ಟಿಯ ಗಣಿಯಲ್ಲಿ ದುಡಿಯುವ ಸಂಬಂಧಿಕರಿರುವ ಮಕ್ಕಳು ಆ ತರಗತಿಯಲ್ಲಿಯೇ ಇದ್ದರು.

ಆಗ ಒಬ್ಬ ಹುಡುಗ ಕೇಳಿದ: "ಅಶೋಕ ಇಲ್ಲಿಗೆ ಬಂದಿದ್ನೇನ್ರಿ ಟೀಚರ್?" ಪ್ರಶಿಕ್ಷಣಾರ್ಥಿ ತಟ್ಟನೆ "ಹೌದು, ಬಂದಿದ್ದ" ಎಂದುಬಿಟ್ಟರು.

ನಾನು ಹಾಳೆಯಲ್ಲಿ ಗುರುತು ಹಾಕಿಕೊಂಡೆ. ಮಕ್ಕಳ ಮುಂದೆ ತಿದ್ದಲಿಲ್ಲ. ಮರಳುವ ದಾರಿಯಲ್ಲಿ ಅವರನ್ನು ಬದಿಗೆ ಕರೆದು, ಈ ಶಾಸನದಲ್ಲಿ ಹಾಗೆಂದು ಎಲ್ಲಿ ಬರೆದಿದೆ ಎಂದು ಕೇಳಿದೆ. ಅವರ ಮುಖ ಸಣ್ಣದಾಯಿತು. ಶಾಲೆ ತಲುಪಿದ ಮೇಲೆ ಉಳಿದ ಹತ್ತು ನಿಮಿಷದಲ್ಲಿ ಅವರೇ ಮಕ್ಕಳಿಗೆ ಹೇಳಿದರು: "ನಾನು ಅಲ್ಲಿ ತಪ್ಪು ಹೇಳಿದೆ. ಅಶೋಕ ಬಂದಿದ್ದನೆಂದು ಶಾಸನ ಹೇಳುವುದಿಲ್ಲ." ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಲ್ಲಿ ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಅಧಿಕಾರಿಗಳಿಗೆ ಸಂದೇಶ ಕಳಿಸಿದ ಒಕ್ಕಣೆ ಇದೆ. ಅಂದರೆ ರಾಜನ ಮಾತು ಅಧಿಕಾರಿಗಳ ಮೂಲಕ ಊರೂರಿಗೆ ಹೋಗುತ್ತಿತ್ತು. ಆ ಸುವರ್ಣಗಿರಿ ಯಾವುದು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಕೆಲವರು ಕನಕಗಿರಿ ಎನ್ನುತ್ತಾರೆ, ಕೆಲವರು ಮಸ್ಕಿಯ ಹೆಸರನ್ನೇ ಎತ್ತುತ್ತಾರೆ. ಇದನ್ನು ಕೇಳಿದ ಮಕ್ಕಳು ತಮ್ಮೂರಿನ ಪರವಾಗಿ ಗದ್ದಲವೆಬ್ಬಿಸಿದ್ದು ಬೇರೆ ಮಾತು. ಚಾರ್ಟಿನ ಮುಂದೆ ನಿಂತ ಯಾವ ಮಗುವೂ ಅಶೋಕ ಇಲ್ಲಿಗೆ ಬಂದಿದ್ದನೇ ಎಂದು ನನ್ನೆದುರು ಕೇಳಿರಲಿಲ್ಲ. ಆ ಪ್ರಶ್ನೆ ಹುಟ್ಟಲು 'ಇಲ್ಲಿ' ಎಂಬ ಜಾಗ ಕಾಲ ಕೆಳಗಿರಬೇಕು.

ಆದರೆ ಅಂಕ? ನಮ್ಮ ಅವಲೋಕನ ಹಾಳೆಯಲ್ಲಿ ಕಪ್ಪುಹಲಗೆಯ ಬಳಕೆಗೆ ಅಂಕವಿದೆ, ನಡಿಗೆಯಲ್ಲಿ ಕಪ್ಪುಹಲಗೆಯಿಲ್ಲ. ತರಗತಿ ನಿರ್ವಹಣೆಗೆ ಅಂಕವಿದೆ, ಹೆದ್ದಾರಿ ದಾಟಿಸಿದ್ದಕ್ಕೆ ಇಲ್ಲ. ತಾನು ಹೇಳಿದ ತಪ್ಪನ್ನು ತಾನೇ ಒಪ್ಪಿಕೊಂಡು ತಿದ್ದಿದ್ದಕ್ಕೆ ಯಾವ ಕಾಲಮೂ ಇಲ್ಲ. ಲೆಕ್ಕ ಹಾಕಿದರೆ ಆ ಪ್ರಶಿಕ್ಷಣಾರ್ಥಿಗೆ ಹಿಂದಿನ ವರ್ಷದವರಿಗಿಂತ ಕಡಿಮೆ ಅಂಕ ಬರುತ್ತಿತ್ತು. ಎನ್‌ಸಿಎಫ್ 2005ರ ಮಾರ್ಗದರ್ಶಿ ತತ್ವಗಳಲ್ಲಿ ಮೊದಲನೆಯದೇ ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸುವುದು. ಅದನ್ನು ನಾವು ಪರೀಕ್ಷೆಯಲ್ಲಿ ಐದು ಅಂಕದ ಟಿಪ್ಪಣಿಯಾಗಿ ಬರೆಸುತ್ತೇವೆ.

ಸಹೋದ್ಯೋಗಿಗಳ ಆಕ್ಷೇಪಗಳನ್ನು ಹಗುರವಾಗಿ ನೋಡುತ್ತಿಲ್ಲ. ಅಪಘಾತವಾದರೆ ಹೊಣೆ ಯಾರದು ಎಂಬುದು ನಿಜವಾದ ಪ್ರಶ್ನೆ. ರಾಯಚೂರು ಸೀಮೆಯ ಬಿಸಿಲೂ ನಿಜ. ಹತ್ತು ಗಂಟೆಯ ಮೇಲೆ ಮಕ್ಕಳನ್ನು ಗುಡ್ಡಕ್ಕೆ ಕರೆದೊಯ್ಯಬಾರದು. ಡಿಸೆಂಬರಿನಲ್ಲಿ ಹೇಗೂ ಪ್ರವಾಸ ಇದೆಯಲ್ಲ ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಆ ಪ್ರವಾಸಕ್ಕೆ ದುಡ್ಡು ಕೊಡಬಲ್ಲವರು ಮಾತ್ರ ಹೋಗುತ್ತಾರೆ. ರಾತ್ರಿಯಿಡೀ ಬಸ್ಸು, ಬೆಳಿಗ್ಗೆ ಹಂಪಿ, ಸಂಜೆ ಜಲಾಶಯ. ನಡುವೆ ಕಲಿಕೆ ಎಲ್ಲಿ ಇಳಿಯಿತೋ ಗೊತ್ತಾಗುವುದಿಲ್ಲ. ಮಸ್ಕಿಯ ನಡಿಗೆಗೆ ಒಂದು ಪೈಸೆ ಖರ್ಚಾಗಲಿಲ್ಲ, ತರಗತಿಯ ಒಬ್ಬ ಮಗುವೂ ಉಳಿದುಕೊಳ್ಳಲಿಲ್ಲ.

"ಎಲ್ಲ ಊರಲ್ಲಿ ಅಶೋಕ ಇರ್ತಾನೇನ್ರಿ?" ಎಂದು ಒಬ್ಬರು ಕೇಳಿದರು. ಇರುವುದಿಲ್ಲ. ನಾರ್ವೆಯಲ್ಲಿ ರೋರೋಸ್ ಎಂಬ ಸಣ್ಣ ಪಟ್ಟಣವಿದೆ. 1977ರವರೆಗೆ ಅಲ್ಲಿ ತಾಮ್ರದ ಕೆಲಸ ನಡೆಯಿತು, 1980ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಬಂದವರನ್ನು ನಡೆಸಿಕೊಂಡು ಹೋಗಿ ತೋರಿಸುವುದರಲ್ಲಿ ಗಣಿ ಕೆಲಸಗಾರರ ಮರದ ಮನೆಗಳು ಮತ್ತು ಅದಿರು ಕರಗಿಸಿ ಎಸೆದ ಕಿಟ್ಟದ ರಾಶಿಗಳೂ ಸೇರಿವೆ. ಲಿಂಗಸುಗೂರಿನಲ್ಲಿ ಅಷ್ಟು ಇಲ್ಲವೆ? 1905ರವರೆಗೆ ಅದೇ ಹೆಸರಿನ ಜಿಲ್ಲೆಯ ಕೇಂದ್ರವಾಗಿದ್ದ ಊರು, ಸೈನ್ಯದ ಠಾಣ್ಯವಿದ್ದ ಊರು. ಜಿಲ್ಲಾ ಕೇಂದ್ರವೊಂದು ತಾಲ್ಲೂಕಾಗಿ ಇಳಿದದ್ದು ಹೇಗೆ ಎಂದು ಮಕ್ಕಳನ್ನು ಹಳೆಯ ಕಟ್ಟಡಗಳ ಮುಂದೆ ನಿಲ್ಲಿಸಿ ಕೇಳಬಹುದು. ಸಿಂಧನೂರಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳದ ನೆಲ ಭತ್ತದ ನೆಲವಾದದ್ದನ್ನು, ಆಂಧ್ರದಿಂದ ಬಂದವರ ಕ್ಯಾಂಪುಗಳನ್ನು, ಪೂರ್ವ ಬಂಗಾಳದಿಂದ ಬಂದು ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆ ನಿಂತವರ ಬಂಗಾಳಿ ಮಾತನ್ನು ಯಾವ ಪಠ್ಯಪುಸ್ತಕ ಹೇಳುತ್ತದೆ?

ಸಿಂಧನೂರಿನ ನಡಿಗೆಯೊಂದರಲ್ಲಿ ನಡೆದದ್ದನ್ನು ಹೇಳಲೇಬೇಕು, ಏಕೆಂದರೆ ಇದರಲ್ಲಿ ನನಗೂ ಒಬ್ಬ ಸಹೋದ್ಯೋಗಿಗೂ ಈಗಲೂ ಭಿನ್ನಾಭಿಪ್ರಾಯವಿದೆ. ಪ್ರಶಿಕ್ಷಣಾರ್ಥಿ ಒಂದು ಅಕ್ಕಿ ಗಿರಣಿಯ ಮುಂದೆ ನಿಲ್ಲಿಸಿ ಹಮಾಲರಿಂದಲೇ ಕೆಲಸದ ವಿವರ ಹೇಳಿಸಬೇಕೆಂದು ಯೋಜಿಸಿದ್ದರು. ಹಿಂದಿನ ದಿನ ಹುಡುಗನೊಬ್ಬ ಬಂದು, "ಸರ್, ಆ ಮಿಲ್ಲಿಗೆ ಬ್ಯಾಡ್ರಿ. ಅಲ್ಲಿ ನಮ್ಮಪ್ಪ ಅದಾನ್ರಿ" ಎಂದ. ಪ್ರಶಿಕ್ಷಣಾರ್ಥಿ ಯಾರಿಗೂ ಕಾರಣ ಹೇಳದೆ ನಿಲುಗಡೆಯನ್ನು ಕಾಲುವೆಯ ತೂಬಿಗೆ ಬದಲಿಸಿದರು. ಶ್ರಮದ ಗೌರವ ಕಲಿಸುವ ಒಳ್ಳೆಯ ಅವಕಾಶ ಕಳೆದುಕೊಂಡರು ಎಂಬುದು ಸಹೋದ್ಯೋಗಿಯ ಮಾತು. ನನಗೆ ಹಾಗನ್ನಿಸುವುದಿಲ್ಲ. ಊರಿನ ಬೀದಿಯಲ್ಲಿ ನಡೆಸುವಾಗ ನಾವು ಮಕ್ಕಳ ಮನೆಯೊಳಗೂ ಇಣುಕುತ್ತಿರುತ್ತೇವೆ. ಪ್ರವಾಸಿ ಮಾರ್ಗದರ್ಶಿಗೆ ಆ ಚಿಂತೆ ಬೇಕಿಲ್ಲ, ಶಿಕ್ಷಕರಿಗೆ ಬೇಕು. ತಂದೆಯನ್ನು ಗೆಳೆಯರ ಮುಂದೆ ನಿಲ್ಲಿಸುವ ನಿರ್ಧಾರ ಹನ್ನೆರಡು ವರ್ಷದ ಆ ಹುಡುಗನದು. ಆ ಪಾಠಕ್ಕೆ ಅಂಕ ಕೊಡುವುದು ನನ್ನ ಕೈಯಲ್ಲಿದ್ದಿದ್ದರೆ, ಈ ಬದಲಾವಣೆಗೇ ಹೆಚ್ಚು ಕೊಡುತ್ತಿದ್ದೆ.

ನನ್ನ ಬೇಡಿಕೆ ಚಿಕ್ಕದು. ಪ್ರತಿ ಪ್ರಶಿಕ್ಷಣಾರ್ಥಿಯ ಅಭ್ಯಾಸ ಪಾಠಗಳಲ್ಲಿ ಒಂದಾದರೂ ಶಾಲೆಯಿಂದ ನಡೆದು ಹೋಗಿ ಬರುವಷ್ಟು ದೂರದ ಪಾಠವಾಗಿರಲಿ. ಸಮಾಜ ವಿಜ್ಞಾನದವರಿಗೆ ಮಾತ್ರವಲ್ಲ. ಗಣಿತದವರು ತೂಕದ ಕಟ್ಟೆಗೆ, ಜೀವಶಾಸ್ತ್ರದವರು ಹಳ್ಳದ ದಂಡೆಗೆ ಹೋಗಲಿ. ಮಕ್ಕಳನ್ನು ಕರೆದೊಯ್ಯುವ ಮುನ್ನ ಪ್ರಶಿಕ್ಷಣಾರ್ಥಿ ಆ ದಾರಿಯನ್ನು ಅದೇ ಹೊತ್ತಿನಲ್ಲಿ ಎರಡು ಸಲ ಒಬ್ಬರೇ ನಡೆದಿರಬೇಕು. ನೆರಳು, ನೀರು, ರಸ್ತೆ ದಾಟುವ ಜಾಗ ಯೋಜನೆಯಲ್ಲಿ ಬರೆದಿರಬೇಕು. ನಾಲ್ಕಕ್ಕಿಂತ ಹೆಚ್ಚು ನಿಲುಗಡೆ ಬೇಡ. ಮೇಲ್ವಿಚಾರಕರೂ ನಡೆಯಬೇಕು, ಬೈಕಿನಲ್ಲಿ ಮುಂದೆ ಹೋಗಿ ಕಾಯುವುದಲ್ಲ. ಕೊನೆಯದನ್ನು ನನಗೇ ಹೇಳಿಕೊಳ್ಳುತ್ತಿದ್ದೇನೆ. ಎರಡನೆಯ ಸಲ ಮೊಣಕಾಲು ನೋವಿನ ನೆವ ಹೇಳಿ ನಾನು ಹಾಗೆಯೇ ಮಾಡಿದೆ.

ಬರುವ ತಿಂಗಳು ಹೊಸ ತಂಡದ ಅವಲೋಕನ ಹಾಳೆಗಳು ಅಚ್ಚಿಗೆ ಹೋಗುತ್ತವೆ. ಮೂರು ಸಾಲು ಸೇರಿಸಲು ಕೆಳಗಡೆ ಜಾಗವಿದೆ, ನೋಡಿದ್ದೇನೆ. ಕೆಂಪು ಗೆರೆ ಎಳೆದ ಆ ಹಳೆಯ ಪಾಠಯೋಜನೆಯ ಪ್ರತಿ ನನ್ನ ಕಡತದಲ್ಲಿಯೇ ಇದೆ. ಅದನ್ನು ಬರೆದವರು ಈಗ ಮಾನ್ವಿ ಕಡೆಯ ಶಾಲೆಯೊಂದರಲ್ಲಿ ಶಿಕ್ಷಕಿ. ಹೋದ ದೀಪಾವಳಿಗೆ ಊರಿಗೆ ಬಂದಾಗ ಶಾಸನ ನೋಡಿ ಬಂದೆ ಎಂದು ಫೋನು ಮಾಡಿದ್ದರು.