‘ನೀವೇ ರಾಜೀನಾಮೆ ಕೊಡಿ’ ಎಂದರೆ ಅಂದೇ ಕೊಡಬೇಡಿ

ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಕಡೆ ಬೆಂಗಳೂರಿನ ಕಂಪನಿಯಲ್ಲಿ ‘ಕನ್ಸಲ್ಟೆಂಟ್’ ಆಗಿರುವ ಮಗನೋ ಮಗಳೋ ಇರುವ ಮನೆಗಳು ಈಗ ಕಡಿಮೆಯೇನಿಲ್ಲ. ಕನ್ಸಲ್ಟೆಂಟ್ ಅಂದರೆ ಏನು ಕೆಲಸ ಅಂತ ಅಪ್ಪ ಅಮ್ಮನಿಗೆ ಗೊತ್ತಿಲ್ಲದಿರಬಹುದು. ಆದರೆ ಆ ಸಂಬಳದ ಮೇಲೆ ಬ್ಯಾಂಕಿನ ಓದಿನ ಸಾಲ ನಿಂತಿದೆ, ಅಡವಿಟ್ಟ ಒಡವೆ ಬಿಡಿಸುವ ಆಸೆ ನಿಂತಿದೆ, ತಂಗಿಯ ಮದುವೆ ನಿಂತಿದೆ. ಅದಕ್ಕೇ ಈ ಬರಹ ಬೆಂಗಳೂರಿನಲ್ಲಿ ಕೂತವರಿಗೆ ಮಾತ್ರ ಅಲ್ಲ. ಊರಲ್ಲಿ ಇದನ್ನು ಫೋನಿನಲ್ಲಿ ಓದುತ್ತಿರುವ ಅಪ್ಪ, ಅಮ್ಮ, ಅಣ್ಣ, ಅಕ್ಕನಿಗೂ ಹೌದು.

ನಾವು ಹೇಳುವುದು ಇಷ್ಟೇ. ಈ ಕಂಪನಿಗಳು ಜನರನ್ನು ಕೆಲಸದಿಂದ ತೆಗೆಯುತ್ತವೆ, ಆದರೆ ‘ತೆಗೆದೆವು’ ಅಂತ ಬರೆದುಕೊಡುವುದಿಲ್ಲ. ‘ಅವರೇ ಬಿಟ್ಟು ಹೋದರು’ ಅಂತ ನಮ್ಮ ಮಕ್ಕಳ ಕೈಯಲ್ಲೇ ಬರೆಸಿಕೊಳ್ಳುತ್ತವೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಈ ಒಂದು ಸುಳ್ಳಿನಿಂದ ಕಂಪನಿಗೆ ಹಣ ಉಳಿಯುತ್ತದೆ, ಸರ್ಕಾರಕ್ಕೆ ತಲೆನೋವು ತಪ್ಪುತ್ತದೆ. ನಷ್ಟ ಮಾತ್ರ ನಮ್ಮ ಮನೆಗೆ.

ಮೊದಲು ಈ ವ್ಯವಹಾರ ಹೇಗೆ ನಡೆಯುತ್ತದೆ ನೋಡಿ. ಬಾಡಿಗೆ ಟ್ರ್ಯಾಕ್ಟರ್ ಇಟ್ಟವರಿಗೆ ಇದು ಬೇಗ ಅರ್ಥವಾಗುತ್ತದೆ. ಟ್ರ್ಯಾಕ್ಟರ್ ಯಾರದೋ ಹೊಲದಲ್ಲಿ ಓಡುತ್ತಿದ್ದರೆ ಗಂಟೆ ಲೆಕ್ಕದಲ್ಲಿ ದುಡ್ಡು. ಮನೆ ಮುಂದೆ ನಿಂತರೆ ಕಂತು ಮಾತ್ರ. ಕನ್ಸಲ್ಟಿಂಗ್ ಕಂಪನಿಗೂ ಅಷ್ಟೇ. ನಿಮ್ಮ ಮಗ ಅಮೆರಿಕದ ಯಾವುದೋ ಬ್ಯಾಂಕಿನ ಕೆಲಸ ಮಾಡುತ್ತಿದ್ದರೆ ಅವನ ಗಂಟೆಗೆ ಬಿಲ್ ಆಗುತ್ತದೆ. ಆ ಪ್ರಾಜೆಕ್ಟ್ ಮುಗಿದರೆ ಅವನು ‘ಬೆಂಚ್’ ಮೇಲೆ. ಅಂದಿನಿಂದ ಅವನು ಕಂಪನಿಯ ಖರ್ಚು. 2025ರ ಜೂನ್‌ನಲ್ಲಿ ಟಿಸಿಎಸ್ ತಂದ ನಿಯಮವನ್ನೇ ನೋಡಿ: ವರ್ಷಕ್ಕೆ 225 ದಿನ ಬಿಲ್ ಆಗುವ ಕೆಲಸದಲ್ಲಿ ಇರಬೇಕು, ಬೆಂಚ್ ಮೇಲೆ 35 ದಿನಕ್ಕಿಂತ ಹೆಚ್ಚು ಇರಬಾರದು. ಪ್ರಾಜೆಕ್ಟ್ ತರುವುದು ಕಂಪನಿಯ ಕೆಲಸ. ಬಾರದಿದ್ದರೆ ತಪ್ಪು ಹುಡುಗನದು!

ಹೊರದಬ್ಬುವುದು ಒಂದೇ ದಿನ ಆಗುವುದಿಲ್ಲ. ಅದಕ್ಕೊಂದು ಕ್ರಮ ಇದೆ. ಗೊತ್ತಿದ್ದರೆ ಎದೆ ಸ್ವಲ್ಪ ಗಟ್ಟಿ ಇರುತ್ತದೆ.

ಮೊದಲು ಮಾತು ಕಡಿಮೆಯಾಗುತ್ತದೆ. ಮೀಟಿಂಗಿಗೆ ಕರೆಯುವುದಿಲ್ಲ. ಮಾಡುತ್ತಿದ್ದ ಕೆಲಸವನ್ನು ‘ಇವರಿಗೂ ಸ್ವಲ್ಪ ಹೇಳಿಕೊಡಿ’ ಎಂದು ಇನ್ನೊಬ್ಬರಿಗೆ ದಾಟಿಸುತ್ತಾರೆ. ಹೋದ ವರ್ಷ ‘ತುಂಬಾ ಚೆನ್ನಾಗಿದೆ’ ಎಂದಿದ್ದ ಮ್ಯಾನೇಜರ್ ಈ ವರ್ಷ ರೇಟಿಂಗ್ ಇಳಿಸುತ್ತಾರೆ. ಕಾರಣ ಕೇಳಿದರೆ ‘ಮೇಲಿನವರ ತೀರ್ಮಾನ’.

ಆಮೇಲೆ ಪಿಐಪಿ. ಅಂದರೆ ‘ಕೆಲಸ ಸುಧಾರಿಸಿಕೊಳ್ಳುವ ಯೋಜನೆ’. ಹೆಸರು ಕೇಳಲು ಚೆಂದ. ಸಾಮಾನ್ಯವಾಗಿ 30, 60 ಅಥವಾ 90 ದಿನದ ಗಡುವು. ಕೆಲವು ಕಡೆ ನಿಜವಾಗಿಯೂ ಸುಧಾರಿಸಲಿ ಎಂದೇ ಕೊಡುತ್ತಾರೆ. ಆದರೆ ಗುರಿ ಅಳೆಯುವ ಹಾಗೆ ಇಲ್ಲದಿದ್ದರೆ, ಕಲಿಸುವವರು ಯಾರೂ ಇಲ್ಲದಿದ್ದರೆ, ವಾರ ವಾರ ‘ಸಾಲದು’ ಎಂಬ ಮೇಲ್ ಮಾತ್ರ ಬರುತ್ತಿದ್ದರೆ, ಅದು ಸುಧಾರಣೆ ಅಲ್ಲ. ಮುಂದೆ ತೋರಿಸಲು ಕಟ್ಟುತ್ತಿರುವ ಕಡತ.

ಕೊನೆಗೆ ಎಚ್‌ಆರ್ ಕರೆ. ಚಿಕ್ಕ ಕೋಣೆ, ಇಲ್ಲವೇ ವಿಡಿಯೊ ಕಾಲ್. ‘ನೋಡಿ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇವೆ. ನೀವೇ ರಾಜೀನಾಮೆ ಕೊಟ್ಟರೆ ಒಳ್ಳೆ ರಿಲೀವಿಂಗ್ ಲೆಟರ್ ಕೊಡುತ್ತೇವೆ. ಇಲ್ಲಾಂದ್ರೆ ಟರ್ಮಿನೇಷನ್. ಮುಂದೆ ಯಾವ ಕಂಪನಿಯೂ ತಗೊಳ್ಳಲ್ಲ.’ ಯೋಚಿಸಲು ಒಂದು ದಿನವೂ ಇಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಇದು ನಮ್ಮ ಕಲ್ಪನೆ ಅಲ್ಲ. 2017ರ ಜುಲೈನಲ್ಲಿ ಟೆಕ್ ಮಹೀಂದ್ರಾ ಕಂಪನಿಯ ಇಂಥದೇ ಒಂದು ಫೋನ್ ಮಾತುಕತೆ ಹೊರಗೆ ಬಂದು ದೇಶವೇ ಕೇಳಿತು. ಮಾರನೇ ದಿನ ಬೆಳಗ್ಗೆ 10 ಗಂಟೆಯೊಳಗೆ ರಾಜೀನಾಮೆ ಕೊಡಬೇಕು ಅಂತ ಎಚ್‌ಆರ್ ಹೇಳುತ್ತಿದ್ದರು. ಕೊನೆಗೆ ಆನಂದ್ ಮಹೀಂದ್ರಾ ಅವರೇ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಆ ಹುಡುಗ ರೆಕಾರ್ಡ್ ಮಾಡಿಕೊಂಡಿದ್ದ, ಅದಕ್ಕೇ ಕ್ಷಮೆ ಬಂತು. ರೆಕಾರ್ಡ್ ಆಗದ ಕರೆಗಳಿಗೆ ಕ್ಷಮೆ ಕೇಳಿದವರು ಯಾರು?

2025ರ ಫೆಬ್ರುವರಿಯಲ್ಲಿ ಮೈಸೂರಿನ ಇನ್ಫೊಸಿಸ್ ಕ್ಯಾಂಪಸ್‌ನಿಂದ ತರಬೇತಿಯಲ್ಲಿದ್ದವರನ್ನು ಹೊರಗೆ ಕಳಿಸಿದರು. 300ಕ್ಕೂ ಹೆಚ್ಚು ಅಂತ ಕಂಪನಿ, 700 ಅಂತ ನೌಕರರ ಸಂಘಟನೆ. ಪರೀಕ್ಷೆಯಲ್ಲಿ ಮೂರು ಸಲ ಫೇಲಾದರು ಎಂಬುದು ಕಂಪನಿಯ ಮಾತು. ಅವರಲ್ಲಿ ಎಷ್ಟೋ ಜನ ಆಫರ್ ಲೆಟರ್ ಹಿಡಿದು ಎರಡು ವರ್ಷ ಕಾದು ಕೆಲಸಕ್ಕೆ ಸೇರಿದವರು. ಅದೇ ವರ್ಷ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ 12,000ದಷ್ಟು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು.

ಈಗ ಮುಖ್ಯ ಪ್ರಶ್ನೆ. ರಾಜೀನಾಮೆಯೇ ಯಾಕೆ ಬೇಕು ಇವರಿಗೆ? ಲೆಕ್ಕ ಹಾಕಿ ನೋಡೋಣ.

1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲೂ ಇತ್ತು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ: ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕನನ್ನು ಕೆಲಸ ಇಲ್ಲ ಎಂದು ತೆಗೆದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು. ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ ಪರಿಹಾರ. ಕಾನೂನು ಲೆಕ್ಕಕ್ಕೆ ಹಿಡಿಯುವ ಸಂಬಳ ತಿಂಗಳಿಗೆ 60,000 ಅಂತ ಇಟ್ಟುಕೊಳ್ಳಿ. ಆರು ವರ್ಷ ದುಡಿದಿದ್ದರೆ ಸುಮಾರು 1,80,000 ರೂಪಾಯಿ. ‘ನಾನೇ ಸ್ವಂತ ಇಚ್ಛೆಯಿಂದ ಬಿಡುತ್ತಿದ್ದೇನೆ’ ಎಂದು ಸಹಿ ಹಾಕಿದ ಕೂಡಲೇ ಈ ಪರಿಹಾರ ಕೇಳುವ ದಾರಿ ಮುಚ್ಚಿದ ಹಾಗೆಯೇ. ಆಮೇಲೆ ‘ಒತ್ತಾಯದಿಂದ ಬರೆಸಿಕೊಂಡರು’ ಅಂತ ಸಾಬೀತು ಮಾಡುವ ಹೊರೆ ನಮ್ಮ ಹುಡುಗನ ತಲೆ ಮೇಲೆ.

ಇನ್ನೊಂದು ಕಾರಣವೂ ಇದೆ. ದೊಡ್ಡ ಸಂಸ್ಥೆಗಳಿಗೆ ನೌಕರಿಯ ಸ್ಥಾಯಿ ಆದೇಶ ಇರಬೇಕು ಎನ್ನುತ್ತಿದ್ದ 1946ರ ಕಾಯ್ದೆಯಿಂದ ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ವಿನಾಯಿತಿ ಕೊಡುತ್ತಾ ಬಂತು. 2024ರಲ್ಲಿ ಮತ್ತೆ ಐದು ವರ್ಷಕ್ಕೆ ಮುಂದುವರಿಸಿತು. ಆದರೆ ಷರತ್ತುಗಳನ್ನು ಹಾಕಿತ್ತು. ಕಂಪನಿಯಲ್ಲಿ ಕುಂದುಕೊರತೆ ಸಮಿತಿ ಇರಬೇಕು. ಯಾರನ್ನಾದರೂ ಅಮಾನತು ಮಾಡಿದರೆ, ಕೆಲಸದಿಂದ ತೆಗೆದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು. ಈಗ ಗೊತ್ತಾಯಿತಲ್ಲ? ‘ತೆಗೆದೆವು’ ಅಂದರೆ ಇಲಾಖೆಗೆ ಕಾಗದ ಹೋಗಬೇಕು. ‘ಅವರೇ ಹೋದರು’ ಅಂದರೆ ಯಾವ ಕಾಗದವೂ ಬೇಡ. ಸಾವಿರ ಮಂದಿ ಬೀದಿಗೆ ಬಂದರೂ ಸರ್ಕಾರದ ದಾಖಲೆಯಲ್ಲಿ ಒಬ್ಬರೂ ಬಂದಿರುವುದಿಲ್ಲ.

ನಮ್ಮ ಪಕ್ಕದ ಭದ್ರಾವತಿಯಲ್ಲಿ ವಿಐಎಸ್‌ಎಲ್ ಕಾರ್ಖಾನೆ ಮುಚ್ಚುವುದಾಗಿ 2023ರ ಜನವರಿಯಲ್ಲಿ ಸುದ್ದಿ ಬಂದಾಗ ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಊರೇ ಮಾತಾಡಿತು. ಅಲ್ಲಿ ಕೂರಲು ಗೇಟ್ ಇತ್ತು, ಪಕ್ಕದಲ್ಲಿ ಜನ ಇದ್ದರು. ಇಲ್ಲಿ ಒಬ್ಬೊಬ್ಬರನ್ನೇ ಒಂದೊಂದು ಕೋಣೆಗೆ ಕರೆದು ಕಳಿಸುತ್ತಾರೆ. ಲ್ಯಾಪ್‌ಟಾಪ್ ಬಂದ್ ಆದರೆ ಗೇಟೂ ಇಲ್ಲ, ಪಕ್ಕದವರೂ ಇಲ್ಲ.

‘ಕಂಪನಿ ನಷ್ಟದಲ್ಲಿದ್ದರೂ ಎಲ್ಲರನ್ನೂ ಸಾಕಬೇಕಾ? ಕೆಲಸ ಬಾರದವರನ್ನೂ ಇಟ್ಟುಕೊಳ್ಳಬೇಕಾ?’ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಬೇಡ, ಇಟ್ಟುಕೊಳ್ಳುವುದು ಬೇಡ. ತೆಗೆಯಲಿ. ಆದರೆ ‘ಈ ಕಾರಣಕ್ಕೆ ತೆಗೆದೆವು’ ಎಂದು ಬರೆದು ಸಹಿ ಹಾಕಿ, ಕೊಡಬೇಕಾದ್ದು ಕೊಟ್ಟು ತೆಗೆಯಲಿ. ಕೂಲಿಯಾಳನ್ನು ನಾಳೆಯಿಂದ ಬೇಡ ಎನ್ನುವಾಗ ನಮ್ಮ ರೈತನೂ ಬಾಕಿ ಕೊಟ್ಟು ಮುಖ ನೋಡಿ ಹೇಳುತ್ತಾನೆ. ಸಾವಿರಾರು ಕೋಟಿ ಲಾಭದ ಕಂಪನಿಗೆ ಅಷ್ಟು ಮರ್ಯಾದೆ ಇರಬಾರದೇ?

ಹಾಗಾದರೆ ಏನು ಮಾಡಬೇಕು? ಫೋನಿನಲ್ಲಿ ಉಳಿಸಿಟ್ಟುಕೊಳ್ಳಿ.

ರೇಟಿಂಗ್ ಇಳಿದ ದಿನವೇ ನಿಮ್ಮ ಆಫರ್ ಲೆಟರ್, ಸಂಬಳ ಚೀಟಿ, ಹಿಂದಿನ ವರ್ಷಗಳ ರೇಟಿಂಗ್ ಪತ್ರ ಇವನ್ನೆಲ್ಲ ನಿಮ್ಮ ಬಳಿ ಇಟ್ಟುಕೊಳ್ಳಿ. ಗ್ರಾಹಕರ ಫೈಲ್, ಕಂಪನಿಯ ಕೋಡ್ ಮುಟ್ಟಬೇಡಿ. ಅದನ್ನೇ ನೆಪ ಮಾಡಿಕೊಂಡು ತೆಗೆಯಬಹುದು.

ಪಿಐಪಿ ಬಂದರೆ ಗುರಿ ಏನು, ಅಳೆಯುವುದು ಹೇಗೆ, ಯಾರು ಸಹಾಯ ಮಾಡುತ್ತಾರೆ ಎಂದು ಮೇಲ್‌ನಲ್ಲೇ ಕೇಳಿ. ಬಾಯಿಮಾತಿನಲ್ಲಿ ಹೇಳಿದ್ದನ್ನು ‘ಇವತ್ತು ನೀವು ಹೀಗೆ ಹೇಳಿದಿರಿ’ ಅಂತ ಮೇಲ್‌ನಲ್ಲಿ ಬರೆದು ಕಳಿಸಿ. ಬೇರೆ ಕೆಲಸ ಹುಡುಕುವುದನ್ನು ಅಂದೇ ಶುರು ಮಾಡಿ.

ರಾಜೀನಾಮೆ ಕೇಳಿದರೆ ಒಂದೇ ಉತ್ತರ: ‘ನೀವು ಹೇಳಿದ್ದನ್ನು ಬರೆದುಕೊಡಿ, ಮನೆಯವರ ಜೊತೆ ಮಾತಾಡಿ ಹೇಳುತ್ತೇನೆ.’ ಜಗಳ ಬೇಡ, ಅಳುವುದೂ ಬೇಡ. ಮಾತುಕತೆಯಿಂದ ಮೂರು ನಾಲ್ಕು ತಿಂಗಳ ಸಂಬಳ ಬರುವಂತಿದ್ದರೆ, ಕಾಗದದಲ್ಲಿ ಬಂದರೆ, ಒಪ್ಪುವುದು ಬಿಡುವುದು ನಿಮ್ಮಿಷ್ಟ. ಬರಿಗೈಲಿ ಮಾತ್ರ ಸಹಿ ಹಾಕಬೇಡಿ.

ಐದು ವರ್ಷ ತುಂಬಿದ್ದರೆ ಗ್ರ್ಯಾಚುಟಿ ನಿಮ್ಮ ಹಕ್ಕು. ರಾಜೀನಾಮೆ ಕೊಟ್ಟರೂ, ಕೆಲಸ ಇಲ್ಲ ಎಂದು ತೆಗೆದರೂ ಬರುತ್ತದೆ. ಕೊನೆಯ ಸಂಬಳದ ಬಾಕಿಯನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು ಎಂದು ಹೊಸ ವೇತನ ಸಂಹಿತೆ ಹೇಳುತ್ತದೆ. ಕಂಪನಿಯ ಆರೋಗ್ಯ ವಿಮೆಯಲ್ಲಿ ಅಪ್ಪ ಅಮ್ಮನ ಹೆಸರಿದ್ದರೆ ಕೆಲಸದ ಜೊತೆ ಅದೂ ಹೋಗುತ್ತದೆ. ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಆಗುತ್ತದಾ ಅಂತ ಕೊನೆಯ ದಿನಕ್ಕೆ ಮೊದಲೇ ಕೇಳಿ. ಸಕ್ಕರೆ ಕಾಯಿಲೆ, ಬಿಪಿ ಇರುವ ಹಿರಿಯರಿರುವ ಮನೆಗೆ ಇದು ಸಣ್ಣ ಮಾತಲ್ಲ.

‘ನೀನು ಕನ್ಸಲ್ಟೆಂಟ್, ಕಾರ್ಮಿಕ ಅಲ್ಲ’ ಅಂತ ಹೇಳಿದರೆ ಹೆದರಬೇಡಿ. ಕಾರ್ಡಿನ ಮೇಲಿನ ಹುದ್ದೆಯ ಹೆಸರಿನಿಂದ ಅದು ತೀರ್ಮಾನ ಆಗುವುದಿಲ್ಲ. ದಿನಾ ಮಾಡುವ ಕೆಲಸ ಏನು ಎಂಬುದರಿಂದ ಆಗುತ್ತದೆ. ಕೋಡ್ ಬರೆಯುವುದು, ಟೆಸ್ಟ್ ಮಾಡುವುದು ತಾಂತ್ರಿಕ ಕೆಲಸ. ಮ್ಯಾನೇಜರ್ ಆಗಿ ಬೇರೆಯವರನ್ನು ನಡೆಸುವವರಿಗೆ ಈ ರಕ್ಷಣೆ ಕಷ್ಟ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ದೂರು ಕೊಡಬಹುದು. 2017ರಲ್ಲಿ ಹುಟ್ಟಿದ ಐಟಿ ನೌಕರರ ಸಂಘ ‘ಕಿಟು’ ಇದೆ. ಟಿಸಿಎಸ್ ವಿಚಾರದಲ್ಲೂ ಇಲಾಖೆಗೆ ದೂರು ಕೊಟ್ಟದ್ದು ಅದೇ. ಕೆಲಸ ಇರುವಾಗಲೇ ಸೇರಿ.

ಇನ್ನು ಊರಿನವರಿಗೆ ಎರಡು ಮಾತು, ಸ್ವಲ್ಪ ಖಾರವಾಗಿಯೇ.

ಮೆಕ್ಕೆಜೋಳದ ಬೆಲೆ ಬಿದ್ದರೆ ನಾವು ರಸ್ತೆಗೆ ಇಳಿಯುತ್ತೇವೆ. ಬೆಲೆ ಬಿದ್ದದ್ದು ಬೆಳೆದವನ ತಪ್ಪು ಅಂತ ಯಾರೂ ಹೇಳುವುದಿಲ್ಲ. ಅದೇ ಮಗನ ಕೆಲಸ ಹೋದರೆ ‘ಇವನೇ ಏನೋ ಮಾಡಿಕೊಂಡಿರಬೇಕು’ ಅಂತೀವಿ. ‘ಏನಪ್ಪಾ, ಯಾವಾಗ ಬಂದೆ, ಎಷ್ಟು ದಿನ ರಜೆ?’ ಅಂತ ಕಟ್ಟೆ ಮೇಲಿಂದ ದಿನಾ ಕೇಳುತ್ತೀವಿ. ಅವನು ‘ವರ್ಕ್ ಫ್ರಮ್ ಹೋಮ್’ ಅಂತ ಸುಳ್ಳು ಹೇಳಿ ಅಟ್ಟದ ಕೋಣೆಯಲ್ಲಿ ಕದ ಹಾಕಿಕೊಳ್ಳುತ್ತಾನೆ. ಹೆಣ್ಣುಮಗಳಾದರೆ ‘ಸಾಕು ದುಡಿದದ್ದು’ ಎಂದು ಗಂಡು ನೋಡಲು ಶುರು ಮಾಡುತ್ತೀವಿ. ಎಚ್‌ಆರ್ ಕೋಣೆಯಲ್ಲಿ ಮಕ್ಕಳು ಅಷ್ಟು ಬೇಗ ಸಹಿ ಹಾಕುವುದು ಕಂಪನಿಯ ಹೆದರಿಕೆಗೆ ಮಾತ್ರ ಅಲ್ಲ. ‘ತೆಗೆದರು’ ಎಂಬ ಮಾತು ಊರಿಗೆ ಮುಟ್ಟಬಾರದು ಎಂಬ ಹೆದರಿಕೆಗೂ. ನಮ್ಮ ಕಟ್ಟೆಯ ಮಾತು ಆ ಕಂಪನಿಗೆ ಬಿಟ್ಟಿ ಕೆಲಸ ಮಾಡಿಕೊಡುತ್ತಿದೆ.

ಅಪ್ಪಂದಿರೇ, ಅಮ್ಮಂದಿರೇ, ಈ ವಾರ ಫೋನ್ ಮಾಡಿದಾಗ ‘ಊಟ ಆಯ್ತಾ’ ಅಂದ ಮೇಲೆ ಇದನ್ನೂ ಹೇಳಿ: ‘ಕೆಲಸ ಹೋದರೆ ಮನೆಗೆ ಬಾ, ಮುಖ ಮರೆಸಿಕೊಳ್ಳಬೇಡ. ಆದರೆ ನಮ್ಮನ್ನು ಕೇಳದೆ ಯಾವ ಕಾಗದಕ್ಕೂ ಸಹಿ ಹಾಕಬೇಡ.’

ಕಾರ್ಮಿಕ ಇಲಾಖೆಗೆ ನಮ್ಮ ಪ್ರಶ್ನೆ ನೇರ. ಷರತ್ತು ಹಾಕಿದವರು ನೀವು. ಅದರ ಪ್ರಕಾರ ಎಷ್ಟು ಕಂಪನಿ, ಎಷ್ಟು ಜನರನ್ನು ತೆಗೆದ ಮಾಹಿತಿ ಕೊಟ್ಟಿದೆ? ಪಟ್ಟಿ ಬಹಿರಂಗ ಮಾಡಿ. ಒಂದೇ ತಿಂಗಳಲ್ಲಿ ಒಂದೇ ಕಂಪನಿಯಿಂದ ನೂರಾರು ‘ಸ್ವಂತ ಇಚ್ಛೆ’ಯ ರಾಜೀನಾಮೆ ಬಂದರೆ, ಆ ಇಚ್ಛೆ ಯಾರದು ಎಂದು ಹೋಗಿ ವಿಚಾರಿಸಿ. ಆ ಕೆಲಸಕ್ಕೇ ಅಲ್ಲವೇ ನಿಮಗೆ ಸಂಬಳ?